ಹೊಳೆಯ ಕಲ್ಲಿನಡಿ ಒಂದು ಪದವಿ



ಪಿಯುಸಿ ಫಲಿತಾಂಶ ಬಂದ ಮರುದಿನ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ. ಡಾಕ್ಟರೋ, ಇಂಜಿನಿಯರೋ? ಅಂಕ ಸ್ವಲ್ಪ ಕಡಿಮೆಯಾದರೆ ಫಾರ್ಮಸಿಯೋ, ನರ್ಸಿಂಗೋ, ಇಲ್ಲವೇ ಬಿ.ಎಡ್. ಮಾಡಿ ಟೀಚರ್ ಆಗುವುದೋ? ನಡುವೆ ಮಗಳೊಬ್ಬಳು ಮೆಲ್ಲಗೆ, "ನನಗೆ ಪ್ರಾಣಿಶಾಸ್ತ್ರ ಇಷ್ಟ" ಎಂದರೆ ಮನೆಯಲ್ಲಿ ನಗು. "ಅದನ್ನು ಓದಿ ಏನು, ಕಪ್ಪೆ ಹಿಡಿಯುತ್ತೀಯಾ?"

ಹೌದು, ಕಪ್ಪೆ ಹಿಡಿದೇ ಪಿಎಚ್.ಡಿ. ಪಡೆದವರಿದ್ದಾರೆ. ಕಪ್ಪೆಯ ಬಳಗಕ್ಕೇ ಸೇರಿದ, ಸದಾ ನೀರಿನಲ್ಲೇ ಬಾಳುವ ಒಂದು ವಿಚಿತ್ರ ಜೀವಿಯನ್ನು ಹುಡುಕುತ್ತಾ ಬೆಟ್ಟದ ಹೊಳೆಗಳಲ್ಲಿ ಇಳಿದು ಎಂ.ಎಸ್. ಮುಗಿಸುವ ಹುಡುಗಿಯರೂ ಇದ್ದಾರೆ. ಅವರಲ್ಲಿ ಅನೇಕರು ಈ ಓದಿಗೆ ಶುಲ್ಕ ಕಟ್ಟುವುದಿಲ್ಲ. ವಿಶ್ವವಿದ್ಯಾಲಯವೇ ಶುಲ್ಕ ಮನ್ನಾ ಮಾಡಿ, ತಿಂಗಳಿಗೆ ಇಷ್ಟು ಎಂದು ಭತ್ಯೆಯನ್ನೂ ಕೊಡುತ್ತದೆ. ಈ ಬಾಗಿಲು ಇದೆಯೆಂದೇ ನಮ್ಮ ಅನೇಕ ಮನೆಗಳಿಗೆ ಗೊತ್ತಿಲ್ಲ. ಗೊತ್ತಿಲ್ಲದ ಬಾಗಿಲನ್ನು ತಟ್ಟುವವರು ಯಾರು? ಆದ್ದರಿಂದ ಈ ತಿಂಗಳು ಆ ಓದಿನ ಬಗ್ಗೆಯೇ ಮಾತಾಡೋಣ.

ಕಲ್ಲಿನಡಿಯ ನಿವಾಸಿ

ಸಲಮಾಂಡರ್ ಎಂಬ ಪ್ರಾಣಿಯನ್ನು ನಮ್ಮಲ್ಲಿ ಹೆಚ್ಚಿನವರು ಚಿತ್ರದಲ್ಲಿ ಮಾತ್ರ ನೋಡಿರುತ್ತಾರೆ. ನೋಡಲು ಹಲ್ಲಿಯಂತೆ. ಆದರೆ ಮೈಮೇಲೆ ಹಲ್ಲಿಯ ಹುರುಪೆಯಿಲ್ಲ, ಕಪ್ಪೆಯಂತೆ ಒದ್ದೆಯಾದ ನುಣುಪು ಚರ್ಮ. ಇವುಗಳಲ್ಲಿ ಕೆಲವು ಜಾತಿಗಳು ಜೀವಮಾನವಿಡೀ ನೀರು ಬಿಟ್ಟು ಮೇಲೆ ಬರುವುದೇ ಇಲ್ಲ. ಅಮೆರಿಕದ ಪೂರ್ವ ಭಾಗದ ಅಪಲೇಚಿಯನ್ ಬೆಟ್ಟಸಾಲಿನ ಹೊಳೆಗಳಲ್ಲಿ ಬಾಳುವ ಹೆಲ್‌ಬೆಂಡರ್ ಅಂಥದ್ದೊಂದು. ಉತ್ತರ ಅಮೆರಿಕದ ಅತಿ ದೊಡ್ಡ ಸಲಮಾಂಡರ್‌ಗಳಲ್ಲಿ ಇದೂ ಒಂದು. ಸಾಮಾನ್ಯವಾಗಿ ಒಂದರಿಂದ ಎರಡು ಅಡಿ ಉದ್ದ. ಅಪರೂಪಕ್ಕೆ 74 ಸೆಂಟಿಮೀಟರ್‌ವರೆಗೂ ಬೆಳೆದದ್ದುಂಟು. ಆಯುಷ್ಯ 25ರಿಂದ 30 ವರ್ಷ.

ಚಪ್ಪಟೆ ತಲೆ, ಪಕ್ಕೆಯುದ್ದಕ್ಕೂ ಲಂಗದ ಅಂಚಿನಂತೆ ನೆರಿಗೆ ನೆರಿಗೆಯಾದ ಚರ್ಮ. ಆ ನೆರಿಗೆಯೇ ಇದರ ಉಸಿರು. ಶ್ವಾಸಕೋಶವಿದ್ದರೂ ಇದು ಬಹುಪಾಲು ಚರ್ಮದಿಂದಲೇ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ. ಹಾಗಾಗಿ ತಣ್ಣಗೆ, ವೇಗವಾಗಿ ಹರಿಯುವ ಶುದ್ಧ ನೀರೇ ಬೇಕು. ಹಗಲೆಲ್ಲ ದೊಡ್ಡ ಚಪ್ಪಡಿ ಕಲ್ಲಿನಡಿ ಅಡಗಿದ್ದು, ರಾತ್ರಿ ಹೊರಬಂದು ಕ್ರೇಫಿಷ್ ಎಂಬ ಸೀಗಡಿಯಂಥ ಜೀವಿಯನ್ನು ಹಿಡಿದು ತಿನ್ನುತ್ತದೆ. ಲೋಳೆ ಸುತ್ತಿದ ಇದರ ಮೈ ನೋಡಿ ಅಲ್ಲಿಯ ಹಳ್ಳಿಗರು 'ಸಿಂಬಳದ ನೀರುನಾಯಿ' ಎಂಬರ್ಥದ ಅಡ್ಡಹೆಸರಿಟ್ಟಿದ್ದಾರೆ. ಇದಕ್ಕೆ ವಿಷವಿದೆ ಎಂದು ನಂಬಿ ಮೀನುಗಾರರು ಕೊಂದದ್ದೂ ಉಂಟು. ನಮ್ಮಲ್ಲಿ ಬಡಪಾಯಿ ಹಾವುರಾಣಿಯನ್ನು ಹೊಡೆಯುವುದಿಲ್ಲವೇ, ಹಾಗೆ. ಇದು ಮನುಷ್ಯನಿಗೆ ಯಾವ ಅಪಾಯವನ್ನೂ ಮಾಡದ ಪ್ರಾಣಿ.

ಇದರ ಗೃಹಸ್ಥಿಕೆಯೂ ಕುತೂಹಲದ್ದೇ. ಕಲ್ಲಿನಡಿ ಮನೆ ಸಿದ್ಧಪಡಿಸುವುದು ಗಂಡು. ಹೆಣ್ಣು ಬಂದು ಮಣಿಸರದಂತೆ ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ತಂದೆಯದೇ ಜವಾಬ್ದಾರಿ. ಬಾಲವನ್ನೂ ಮೈಯನ್ನೂ ಅಲುಗಿಸಿ ಮೊಟ್ಟೆಗಳ ಮೇಲೆ ನೀರು ಹಾಯಿಸುತ್ತಾ, ಶತ್ರುಗಳನ್ನು ಓಡಿಸುತ್ತಾ, ಮರಿಗಳು ಗೂಡು ಬಿಡುವ ತನಕ ತಿಂಗಳುಗಟ್ಟಲೆ ಕಾವಲು ಕೂರುತ್ತದೆ.

ಹೋದದ್ದೆಷ್ಟು, ಉಳಿದದ್ದೆಷ್ಟು

ಇಂಥ ಜೀವಿ ಈಗ ಕರಗುತ್ತಿದೆ. ಮಿಸೌರಿ ಮತ್ತು ಅರ್ಕಾನ್ಸಾಸ್ ರಾಜ್ಯಗಳ ಓಝಾರ್ಕ್ ಹೆಲ್‌ಬೆಂಡರನ್ನು 2011ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಪೂರ್ವದ ಹೆಲ್‌ಬೆಂಡರನ್ನೂ ಇಡಿಯಾಗಿ ಆ ಪಟ್ಟಿಗೆ ಸೇರಿಸಬೇಕೆಂದು ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ 2024ರ ಡಿಸೆಂಬರ್‌ನಲ್ಲಿ ಪ್ರಸ್ತಾಪಿಸಿತು. 15 ರಾಜ್ಯಗಳಲ್ಲಿ ಹಿಂದೆ ಇದ್ದ 626 ನೆಲೆಗಳಲ್ಲಿ 371 ಮಾತ್ರ ಉಳಿದಿವೆ ಎಂಬುದು ಇಲಾಖೆಯ ಲೆಕ್ಕ.

ಕಾರಣವೇನು? ಬಹುಪಾಲು, ಮಣ್ಣು. ಹೊಳೆಯಂಚಿನ ಕಾಡು ಕಡಿದರೆ ಮಳೆಗೆ ಮಣ್ಣು ಕೊಚ್ಚಿಬಂದು ಕಲ್ಲುಗಳ ಸಂದಿಯನ್ನೆಲ್ಲ ಮುಚ್ಚಿಬಿಡುತ್ತದೆ. ಕಲ್ಲು ಅಲ್ಲೇ ಇರುತ್ತದೆ, ಆದರೆ ಅದರಡಿಯ ಮನೆ ಇರುವುದಿಲ್ಲ. ಇದರ ಜೊತೆಗೆ ಅಣೆಕಟ್ಟು, ಗಣಿಯ ಮಾಲಿನ್ಯ, ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ರೋಗ, ಕಳ್ಳಸಾಗಣೆ.

ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಹಾಪ್ಕಿನ್ಸ್ ಮತ್ತು ಅವರ ತಂಡ ನೈಋತ್ಯ ವರ್ಜೀನಿಯಾದ ಹೊಳೆಗಳಲ್ಲಿ ಎಂಟು ವರ್ಷ ಗೂಡುಗಳನ್ನು ಗಮನಿಸಿ 2023ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿತು. ಮೇಲ್ಭಾಗದಲ್ಲಿ ಕಾಡು ಕಡಿಮೆಯಾದ ಹೊಳೆಗಳಲ್ಲಿ, ಕಾವಲಿಗೆ ಕೂತ ತಂದೆಯೇ ತನ್ನ ಮೊಟ್ಟೆಗಳನ್ನೆಲ್ಲ ತಿಂದುಹಾಕುವುದು ಹೆಚ್ಚು. ಯೋಚಿಸಿ ನೋಡಿ. ಪ್ರಾಣಿ ಅಲ್ಲೇ ಇದೆ, ಗೂಡು ಇದೆ, ಮೊಟ್ಟೆಯನ್ನೂ ಇಡಲಾಗಿದೆ. ಎಣಿಸಲು ಬಂದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮುಂದಿನ ಪೀಳಿಗೆ ಮಾತ್ರ ಬರುವುದಿಲ್ಲ. ಪ್ರತಿ ವರ್ಷ ಅದೇ ಗೂಡಿನ ಮುಚ್ಚಳ ತೆರೆದು ನೋಡಿದವರಿಗಷ್ಟೇ ಈ ಸತ್ಯ ಗೊತ್ತಾದದ್ದು.

ಒಬ್ಬರಿಂದ ಮುಗಿಯದ ಓದು

ಈ ಸಂಶೋಧನೆಗೆ ವಿದ್ಯಾರ್ಥಿಗಳು ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹೆಲ್‌ಬೆಂಡರ್ ಮರಿಯ ಕಿವಿರು ಬಿದ್ದುಹೋಗಲು ಸುಮಾರು ಎರಡು ವರ್ಷ. ಅದು ಬೆಳೆದು ಮರಿ ಮಾಡುವ ಹಂತ ತಲುಪಲು ಐದರಿಂದ ಎಂಟು ವರ್ಷ. ಅಲ್ಲಿಯ ಎಂ.ಎಸ್. ಎಂದರೆ ಎರಡರಿಂದ ಮೂರು ವರ್ಷ, ಪಿಎಚ್.ಡಿ. ನಾಲ್ಕರಿಂದ ಆರು ವರ್ಷ. ಅಂದರೆ ಒಬ್ಬಳು ಎಂ.ಎಸ್. ವಿದ್ಯಾರ್ಥಿನಿ ತನ್ನ ಓದಿನ ಅವಧಿಯಲ್ಲಿ ಒಂದೇ ಒಂದು ಮರಿ ದೊಡ್ಡದಾಗುವುದನ್ನೂ ನೋಡಲಾರಳು! ಅವಳು ಅಳೆದು ಬರೆದಿಟ್ಟ ಪುಸ್ತಕವನ್ನು ಮುಂದಿನವಳು ತೆರೆಯಬೇಕು. ಅವಳು ಗುರುತು ಹಾಕಿದ ಪ್ರಾಣಿಯನ್ನು ಐದು ವರ್ಷದ ನಂತರ ಇನ್ನಾರೋ ಹಿಡಿಯಬೇಕು. ಇದು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಹೋಗುವ ಓದು.

ಗುರುತು ಹಾಕುವುದು ಹೇಗೆ? ಅಕ್ಕಿಕಾಳಿನಷ್ಟು ದೊಡ್ಡದಾದ ಒಂದು ಚಿಪ್ಪನ್ನು ಚರ್ಮದಡಿ ಸೇರಿಸುತ್ತಾರೆ. ಅದಕ್ಕೆ ಬ್ಯಾಟರಿ ಇಲ್ಲ. ಮುಂದೆಂದೋ ಅದೇ ಪ್ರಾಣಿ ಸಿಕ್ಕಾಗ ಕೈಯಲ್ಲಿನ ಯಂತ್ರ ಹಿಡಿದರೆ ಅದರ ಸಂಖ್ಯೆ ಮೂಡುತ್ತದೆ. ಎಷ್ಟು ಬೆಳೆದಿದೆ, ಎಷ್ಟು ದೂರ ಸರಿದಿದೆ ಎಂದು ತಿಳಿಯುತ್ತದೆ.

ಒಬ್ಬ ವಿದ್ಯಾರ್ಥಿನಿಯ ಉದಾಹರಣೆ ನೋಡಿ. ಅನೇಕ ಹೊಳೆಗಳಲ್ಲಿ ದೊಡ್ಡ ಹೆಲ್‌ಬೆಂಡರ್‌ಗಳೇ ಸಿಗುತ್ತವೆ, ಮರಿಗಳು ಕಾಣುವುದೇ ಅಪರೂಪ. ಮರಿಗಳಿಲ್ಲವೋ, ಅಥವಾ ನಮಗೆ ಹುಡುಕಲು ಬರುವುದಿಲ್ಲವೋ? ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಓದಿದ ಕರ್ಸ್ಟನ್ ಹೆಕ್ಟ್ ಈ ಮರಿಗಳ ಹಿಂದೆ ಬಿದ್ದರು. ಟೆನೆಸ್ಸಿ ರಾಜ್ಯದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಲಿಟಲ್ ರಿವರ್ ಎಂಬ ಹೊಳೆಯಲ್ಲಿ ಮರಿಗಳು ಸಿಗುತ್ತವೆ. ಅವು ಎಂಥ ಕಲ್ಲಿನಡಿ ಅಡಗುತ್ತವೆ, ಏನು ತಿನ್ನುತ್ತವೆ ಎಂದು ಅವರು ಹಾಗೂ ಅವರ ಜೊತೆಗಾರರು ನೋಡಿದರು. ದೊಡ್ಡವು ಕ್ರೇಫಿಷ್ ತಿಂದರೆ ಮರಿಗಳ ಆಹಾರ ಹೆಚ್ಚಾಗಿ ನೀರಿನ ಕೀಟಗಳು. ಕೇಳಲು ಸಣ್ಣ ಮಾತು. ಆದರೆ ಹೊಳೆಯನ್ನು ಸರಿಪಡಿಸಲು ಹೊರಟವರಿಗೆ ದೊಡ್ಡ ಕಲ್ಲು ತಂದಿಟ್ಟರೆ ಸಾಲದು, ಮರಿಗಳಿಗೆ ಬೇಕಾದದ್ದನ್ನೂ ಉಳಿಸಬೇಕೆಂದು ಹೇಳಲು ಇಂಥ ಸಣ್ಣ ಮಾತುಗಳೇ ಬೇಕು.

ಕಲ್ಲು ಎತ್ತದೆ ನೋಡುವ ವಿದ್ಯೆ

ಹಿಂದೆ ಹೆಲ್‌ಬೆಂಡರನ್ನು ಹುಡುಕುವುದೆಂದರೆ ಉದ್ದನೆಯ ಸನಿಕೆಯಂಥ ಸಲಕರಣೆಯಿಂದ ಬಂಡೆಯೆತ್ತಿ, ಅದರಡಿ ಕೈಹಾಕಿ ಹಿಡಿಯುವುದು. ಈಗಲೂ ಕೆಲವು ಕಡೆ ಆ ವಿಧಾನ ಇದೆ. ಆದರೆ ಎತ್ತಿದ ಕಲ್ಲನ್ನು ಮತ್ತೆ ಮೊದಲಿದ್ದಂತೆಯೇ ಕೂರಿಸುವುದು ಕಷ್ಟ. ನೂರಾರು ವರ್ಷ ನೀರು ಹರಿದು ಮಾಡಿದ ಮನೆಯನ್ನು ಅರೆನಿಮಿಷದಲ್ಲಿ ಕೆಡಿಸಿದಂತೆ. ಪ್ರಾಣಿಯನ್ನು ಉಳಿಸಲು ಹೋದವರೇ ಅದರ ಮನೆ ಕೆಡಿಸಿದರೆ ಹೇಗೆ?

ಹಾಗಾಗಿ ಬೇರೆ ದಾರಿಗಳು ಬಂದವು. ಒಂದು, ಕೃತಕ ಗೂಡು. ಮಿಸೌರಿಯಲ್ಲಿ ಮೊದಲು ರೂಪಿಸಿದ ಈ ಸಿಮೆಂಟ್ ಗೂಡು ಬೂಟಿನ ಆಕಾರದಲ್ಲಿದೆ. ಉದ್ದನೆಯ ಸುರಂಗದ ಬಾಗಿಲು, ಮೇಲೊಂದು ಮುಚ್ಚಳ. ಮುಚ್ಚಳ ತೆರೆದು ಮೊಟ್ಟೆ ಎಣಿಸಿ ಮುಚ್ಚಬಹುದು. ಇನ್ನೊಂದು, ನೀರಿನ ಪರೀಕ್ಷೆ. ಪ್ರಾಣಿಯ ಚರ್ಮ, ಲೋಳೆಯಿಂದ ಉದುರಿದ ಡಿ.ಎನ್.ಎ. ಹೊಳೆಯ ನೀರಿನಲ್ಲಿ ತೇಲುತ್ತದೆ. ಒಂದೆರಡು ಲೀಟರ್ ನೀರು ಸೋಸಿ ಪ್ರಯೋಗಾಲಯಕ್ಕೆ ಒಯ್ದರೆ, ಪ್ರಾಣಿಯನ್ನು ಮುಟ್ಟದೆಯೇ ಅದು ಅಲ್ಲಿದೆಯೇ ಎಂದು ಹೇಳಬಹುದು. ಮತ್ತೊಂದು, ಮೃಗಾಲಯದ ಕೆಲಸ. ಸೇಂಟ್ ಲೂಯಿಸ್ ಮೃಗಾಲಯ 2011ರಲ್ಲಿ ಓಝಾರ್ಕ್ ಹೆಲ್‌ಬೆಂಡರನ್ನು ಮೊದಲ ಬಾರಿಗೆ ಬಂಧನದಲ್ಲಿ ಮರಿ ಮಾಡಿಸಿತು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯವೂ ಮರಿಗಳನ್ನು ಸಾಕಿ ಬ್ಲೂ ರಿವರ್‌ಗೆ ಬಿಡುತ್ತಿದೆ. ಬಿಟ್ಟ ಮರಿ ಬದುಕಿತೇ ಎಂದು ರೇಡಿಯೋ ಸಂಕೇತ ಹಿಡಿದು ಹಿಂಬಾಲಿಸುವುದೂ ವಿದ್ಯಾರ್ಥಿಗಳ ಕೆಲಸವೇ.

ಇನ್ನು 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತ ಪಶ್ಚಿಮ ಉತ್ತರ ಕ್ಯಾರೊಲಿನಾದ ಹೊಳೆಗಳನ್ನೇ ಬುಡಮೇಲು ಮಾಡಿತು. ಬಂಡೆಗಳೇ ಉರುಳಿದವು. ನೆರೆಗೆ ಮುಂಚೆ ಎಲ್ಲಿ ಎಷ್ಟಿದ್ದವು ಎಂದು ಹಿಂದಿನ ವಿದ್ಯಾರ್ಥಿಗಳು ಬರೆದಿಟ್ಟಿದ್ದರೆ ಮಾತ್ರ ಈಗ ಹೋದದ್ದೇನು, ಉಳಿದದ್ದೇನು ಎಂದು ಹೇಳಲು ಸಾಧ್ಯ. ಬರೆದಿಟ್ಟದ್ದರ ಬೆಲೆ ಕಳೆದುಕೊಂಡ ದಿನವೇ ತಿಳಿಯುವುದು.

ಬಾಗಿಲು ತಟ್ಟುವ ಬಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ಓದಿಗೆ ಸೇರುವ ರೀತಿ ನಮ್ಮ ಪ್ರವೇಶ ಪರೀಕ್ಷೆಯ ರೀತಿಯಲ್ಲ. ಅಮೆರಿಕದ ವನ್ಯಜೀವಿ ವಿಭಾಗಗಳಲ್ಲಿ ಸಾಮಾನ್ಯವಾಗಿ ಮೊದಲು ಒಬ್ಬ ಪ್ರಾಧ್ಯಾಪಕರು ನಿಮ್ಮ ಮಗಳನ್ನು ಶಿಷ್ಯೆಯಾಗಿ ಒಪ್ಪಬೇಕು, ಅರ್ಜಿ ಆಮೇಲೆ. ಪ್ರಾಧ್ಯಾಪಕರು ರಾಜ್ಯದ ವನ್ಯಜೀವಿ ಇಲಾಖೆಯಿಂದಲೋ ಕೇಂದ್ರ ಸಂಸ್ಥೆಯಿಂದಲೋ ಒಂದು ಯೋಜನೆಗೆ ಹಣ ತಂದಿರುತ್ತಾರೆ. ಅದರಲ್ಲೇ ವಿದ್ಯಾರ್ಥಿಯ ಭತ್ಯೆಯೂ ಸೇರಿರುತ್ತದೆ. ಇದನ್ನು ಸಂಶೋಧನಾ ಸಹಾಯಕ ಹುದ್ದೆ ಎನ್ನುತ್ತಾರೆ. ಪದವಿ ತರಗತಿಗಳಿಗೆ ಪಾಠ ಹೇಳಿ ಭತ್ಯೆ ಪಡೆಯುವ ಬೋಧನಾ ಸಹಾಯಕ ಹುದ್ದೆಯೂ ಇದೆ. ಇಂಥ ಸ್ಥಾನಗಳ ಪ್ರಕಟಣೆಯಲ್ಲಿ ಯಾವ ಹೊಳೆ, ಯಾವ ಪ್ರಶ್ನೆ, ಯಾವ ತಿಂಗಳು ಆರಂಭ, ಭತ್ಯೆ ಎಷ್ಟು ಎಂದೆಲ್ಲ ಬರೆದಿರುತ್ತದೆ.

ಅವರು ಕೇಳುವುದೇನು? ಜೀವಶಾಸ್ತ್ರದ ಪದವಿ, ಕ್ಷೇತ್ರಕಾರ್ಯದ ಅನುಭವ, ಸಂಖ್ಯಾಶಾಸ್ತ್ರದ ತಿಳಿವಳಿಕೆ. ಅದರ ಜೊತೆಗೆ ನಾವು ಯೋಚಿಸಿಯೇ ಇರದ ಕೆಲವು: ಕಾರು ಓಡಿಸಲು ಬರಬೇಕು, ಈಜು ಬರಬೇಕು, ತಣ್ಣೀರಿನಲ್ಲಿ ತಾಸುಗಟ್ಟಲೆ ಕೆಲಸ ಮಾಡಬೇಕು, ಭಾರ ಹೊರಬೇಕು. ಈಜು, ಡ್ರೈವಿಂಗ್ ಎರಡನ್ನೂ ನಾವು ಹೆಣ್ಣುಮಕ್ಕಳ ಪಾಲಿಗೆ ಅನಗತ್ಯವೆಂದು ಬದಿಗಿಟ್ಟಿದ್ದೇವೆ. ಇಲ್ಲಿ ಅವೇ ಅರ್ಹತೆಗಳು. 'ಆರ್' ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಮತ್ತು 'ಕ್ಯೂಜಿಐಎಸ್' ಎಂಬ ನಕ್ಷೆಯ ಸಾಫ್ಟ್‌ವೇರ್ ಉಚಿತ. ಮನೆಯಲ್ಲೇ ಕೂತು ಕಲಿಯಬಹುದು.

ನಮ್ಮ ಮೂರು ವರ್ಷದ ಬಿ.ಎಸ್ಸಿ.ಯನ್ನು ಅಲ್ಲಿಯ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ಆದ್ದರಿಂದ ಇಲ್ಲೊಂದು ಎಂ.ಎಸ್ಸಿ. ಮಾಡಿ ಹೋಗುವುದು ಕ್ಷೇಮ. ಬೆಂಗಳೂರಿನ ಎನ್.ಸಿ.ಬಿ.ಎಸ್.ನಲ್ಲಿ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಷಯದ ಎಂ.ಎಸ್ಸಿ. ಇದೆ. ಇಲ್ಲಿಯೇ ಪಿಎಚ್.ಡಿ.ಗೆ ನೋಂದಾಯಿಸಿದವರು ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ ಕೆಲಸ ಮಾಡಲು ಅರ್ಜಿ ಹಾಕಬಹುದು. ಇನ್ನೊಂದು ದಿಕ್ಕು ಜಪಾನ್. ಹೆಲ್‌ಬೆಂಡರ್‌ನ ದೊಡ್ಡಣ್ಣನಂತಿರುವ ಜಪಾನಿನ ದೈತ್ಯ ಸಲಮಾಂಡರ್ ಐದಡಿಯವರೆಗೆ ಬೆಳೆಯುತ್ತದೆ. 1952ರಿಂದ ಅದು ಅಲ್ಲಿ ವಿಶೇಷ ನೈಸರ್ಗಿಕ ಸ್ಮಾರಕ. ಚೀನಾದಿಂದ ತಂದ ಜಾತಿಯೊಂದಿಗೆ ಅದು ಬೆರೆತುಹೋಗಿರುವುದು ಕ್ಯೋಟೋದ ಕಾಮೊ ನದಿಯ ದೊಡ್ಡ ಸಮಸ್ಯೆ. ಜಪಾನ್ ಸರ್ಕಾರದ 'ಮೆಕ್ಸ್ಟ್' ವಿದ್ಯಾರ್ಥಿವೇತನ ಭಾರತೀಯರಿಗೂ ತೆರೆದಿದೆ.

ಒಂದು ಎಚ್ಚರಿಕೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಕೇಂದ್ರದ ಮೌಲಾನಾ ಆಝಾದ್ ಫೆಲೋಶಿಪ್ ಮತ್ತು ವಿದೇಶಿ ಓದಿನ ಸಾಲದ ಬಡ್ಡಿಗೆ ನೆರವಾಗುತ್ತಿದ್ದ 'ಪಢೋ ಪರದೇಶ್' ಯೋಜನೆ ಎರಡೂ 2022-23ರಿಂದ ಹೊಸಬರಿಗೆ ನಿಂತಿವೆ. ಹಳೆಯ ಕರಪತ್ರ ನಂಬಿ ಲೆಕ್ಕ ಹಾಕಬೇಡಿ. ಅಮೆರಿಕದಲ್ಲೂ 2025ರಲ್ಲಿ ಸಂಶೋಧನಾ ಅನುದಾನಗಳಿಗೆ ಕತ್ತರಿ ಬಿತ್ತು, ವಿದ್ಯಾರ್ಥಿ ವೀಸಾ ಸಂದರ್ಶನಗಳು ಕೆಲವು ವಾರ ತಡೆಯಲ್ಪಟ್ಟವು. ಆದ್ದರಿಂದ ಭತ್ಯೆ ಎಷ್ಟು ವರ್ಷಕ್ಕೆ ಖಾತ್ರಿ ಎಂಬುದನ್ನು ಬರಹದಲ್ಲಿ ಕೇಳಿಯೇ ಮುಂದುವರಿಯಬೇಕು.

ಪ್ರಾಧ್ಯಾಪಕರಿಗೆ ಬರೆಯುವ ಪತ್ರ ಒಂದು ಪುಟ ಮೀರಬಾರದು. ಹೊಗಳಿಕೆ ಬೇಡ. ಅವರ ಒಂದು ಲೇಖನ ಓದಿ, ಅದರಲ್ಲಿ ತನಗೆ ಹುಟ್ಟಿದ ಪ್ರಶ್ನೆಯೊಂದನ್ನು ಬರೆಯಲಿ. ತನ್ನ ಊರಿನ ಹೊಳೆಯಲ್ಲಿ ತಾನು ಏನು ನೋಡಿದೆ, ಎಷ್ಟು ದಿನ ನೋಡಿದೆ ಎಂದು ಬರೆಯಲಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ.

ಮನೆಯವರ ಪ್ರಶ್ನೆಗಳು

ತಾಯಂದಿರೇ, ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಸಣ್ಣವಲ್ಲ. ಮಗಳು ಕಾಡಿನ ಹೊಳೆಯಲ್ಲಿ ಯಾರ ಜೊತೆ ಇರುತ್ತಾಳೆ? ಎಲ್ಲಿ ತಂಗುತ್ತಾಳೆ? ಇದನ್ನು ಅಂಜಿಕೆಯಿಂದ ನುಂಗಿಕೊಳ್ಳಬೇಡಿ, ಮಗಳ ಮೂಲಕ ನೇರವಾಗಿಯೇ ಕೇಳಿಸಿ. ಹೊಳೆಗೆ ಒಬ್ಬರೇ ಇಳಿಯುವಂತಿಲ್ಲ ಎಂಬ ನಿಯಮ ಇದೆಯೇ? ನೀರು ಏರಿದರೆ ಏನು ಮಾಡುತ್ತಾರೆ? ತಂಡದಲ್ಲಿ ಬೇರೆ ಹುಡುಗಿಯರಿದ್ದಾರೆಯೇ? ವಸತಿ ಪ್ರತ್ಯೇಕವೇ? ತೊಂದರೆಯಾದರೆ ದೂರು ಕೊಡುವುದು ಯಾರಿಗೆ? ಒಳ್ಳೆಯ ಗುರುಗಳು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಡುವವರ ಬಳಿ ಕಳುಹಿಸದಿರುವುದೇ ಮೇಲು. ಉಡುಪಿನ ಚಿಂತೆಯಂತೂ ಬೇಡ. ತಣ್ಣೀರಿನ ಕೆಲಸಕ್ಕೆ ಕತ್ತಿನಿಂದ ಪಾದದವರೆಗೆ ಮುಚ್ಚುವ ದಪ್ಪ ದಿರಿಸನ್ನು ಅಲ್ಲಿ ಗಂಡಸರೂ ಹೆಂಗಸರೂ ಸಾಮಾನ್ಯವಾಗಿ ತೊಡುತ್ತಾರೆ.

ಓದಿದ ಮೇಲೆ ಕೆಲಸ? ಸತ್ಯ ಹೇಳಬೇಕೆಂದರೆ ಸಲಮಾಂಡರ್‌ಗಾಗಿಯೇ ಇರುವ ಹುದ್ದೆಗಳು ಬೆರಳೆಣಿಕೆ. ಆದರೆ ಹೊಳೆಯ ಆರೋಗ್ಯ ಅಳೆಯಲು, ನೀರಿನ ಡಿ.ಎನ್.ಎ. ಪರೀಕ್ಷಿಸಲು, ಅಂಕಿಅಂಶ ಬಿಡಿಸಲು ಕಲಿತವಳಿಗೆ ಕಾಲೇಜು, ಪರಿಸರ ಸಂಸ್ಥೆ, ಮೃಗಾಲಯ, ಸರ್ಕಾರಿ ಇಲಾಖೆಗಳಲ್ಲಿ ಅವಕಾಶವಿದೆ. ದೊಡ್ಡ ಸಂಬಳದ ಆಸೆಯಿದ್ದರೆ ಈ ದಾರಿ ಬೇಡ. ನೋಡುವ, ಕಾಯುವ, ಬರೆದಿಡುವ ಸ್ವಭಾವವಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಅಭ್ಯಾಸ ಇಲ್ಲಿಂದಲೇ

ಕರ್ನಾಟಕದಲ್ಲಿ ಸಲಮಾಂಡರ್ ಇಲ್ಲ. ಭಾರತದಲ್ಲಿ ಅದು ಸಿಗುವುದು ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ಡಾರ್ಜಿಲಿಂಗ್ ಬಳಿಯ ಜೋರ್‌ಪೋಖ್ರಿಯಲ್ಲಿ ಅದಕ್ಕೊಂದು ಅಭಯಧಾಮವೂ ಇದೆ. ಆದರೆ ಅದೇ ಬಗೆಯ ಓದು ನಮ್ಮ ಘಟ್ಟದಲ್ಲೂ ಇದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನ ಕಪ್ಪೆಯೊಂದನ್ನು ಜಗತ್ತಿಗೆ ಪರಿಚಯಿಸಿ 'ಕುಂಬಾರ' ಎಂಬ ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಆ ಜಾತಿಯ ಗಂಡು ಕಪ್ಪೆ ಹೊಳೆಯ ಮಣ್ಣನ್ನು ಕೈಯಲ್ಲಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ! ದೆಹಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸೋನಾಲಿ ಗರ್ಗ್ 2017ರಲ್ಲಿ ಪ್ರೊ. ಎಸ್.ಡಿ. ಬಿಜು ಮತ್ತಿತರರೊಂದಿಗೆ ಪಶ್ಚಿಮ ಘಟ್ಟದ ಏಳು ಹೊಸ ಇರುಳುಗಪ್ಪೆಗಳನ್ನು ಪ್ರಕಟಿಸಿದರು. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಅವಕಾಶ ಪಡೆದರು. ಕಪ್ಪೆ ಹಿಡಿದದ್ದು ವ್ಯರ್ಥವಾಗಲಿಲ್ಲ.

ಹಾಗಾಗಿ ಮಗಳಿಗೆ ಮೊದಲು ಬೇಕಾದದ್ದು ವಿಮಾನದ ಟಿಕೆಟಲ್ಲ. ಒಂದು ನೋಟ್ ಪುಸ್ತಕ, ಒಂದು ಟಾರ್ಚ್, ಜೊತೆಗೆ ತಂದೆಯೋ ಅಣ್ಣನೋ. ಮಳೆಗಾಲದ ನಾಲ್ಕು ತಿಂಗಳು ಮನೆ ಹತ್ತಿರದ ಒಂದೇ ತೋಡು, ಒಂದೇ ಕೆರೆಯನ್ನು ವಾರಕ್ಕೊಮ್ಮೆ ನೋಡಲಿ. ಯಾವ ಕಪ್ಪೆ ಕೂಗಿತು, ನೀರೆಷ್ಟಿತ್ತು, ಮೊಟ್ಟೆ ಎಲ್ಲಿತ್ತು ಎಂದು ದಿನಾಂಕ ಹಾಕಿ ಬರೆಯಲಿ. ಕಲ್ಲು ಎತ್ತುವುದು ಬೇಡ, ಹಿಡಿಯುವುದೂ ಬೇಡ. ಬಿ.ಎಸ್ಸಿ. ಮುಗಿಯುವ ಹೊತ್ತಿಗೆ ಮೂರು ಮಳೆಗಾಲದ ಪುಸ್ತಕ ಅವಳ ಕೈಯಲ್ಲಿರುತ್ತದೆ. ದೂರದ ಪ್ರಾಧ್ಯಾಪಕರಿಗೆ ಅಂಕಪಟ್ಟಿಯ ಜೊತೆಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದಿದೆ?

ಮುಂದಿನ ಬಾರಿ ಮಗಳು "ಪ್ರಾಣಿಶಾಸ್ತ್ರ ಇಷ್ಟ" ಎಂದರೆ ನಗಬೇಡಿ. "ಯಾವ ಪ್ರಾಣಿ? ಅದರ ಬಗ್ಗೆ ನಿನಗೆ ಗೊತ್ತಾಗಬೇಕಾದದ್ದೇನು?" ಎಂದು ಕೇಳಿ. ಉತ್ತರ ಹೇಳುವಾಗ ಅವಳ ಕಣ್ಣು ನೋಡಿ. ಮುಂದಿನದು ನಿಮಗೇ ತಿಳಿಯುತ್ತದೆ.